ಸೊಣ್ಣಮ್ಮನವರ ಕೈಗೆ ಬಳೆ ತೊಡಿಸಿದ್ದೇಕೆ?

ಬೊಮ್ಮನಹಳ್ಳಿ, ೧೯೮೪

ವೃದ್ಧಾಶ್ರಮಗಳ ತಪಾಸಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಚಂದಾಪುರದ ಆಚೆಯ ವೃದ್ಧಾಶ್ರಮದಲ್ಲಿ ಮುದುಕಿಯರನ್ನು ಮಂಚಕ್ಕೆ ಕಟ್ಟಿಹಾಕುತ್ತಾರೆ. ತಾವು ಅಲ್ಲಿಗೆ ದಯಮಾಡಿಸಿದ್ದಿರಿ, ಹಾರ ಹಾಕಿಸಿಕೊಂಡಿರಿ, "ಅಜ್ಜಿಯರು ಎಷ್ಟು ಲಕ್ಷಣವಾಗಿದ್ದಾರೆ!" ಎಂದು ಮೆಚ್ಚಿ ಹೊರಟಿರಿ. ಆ ಲಕ್ಷಣಕ್ಕಾಗಿಯೇ ಅವರ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿದ್ದರು.

ತಮಗಾಗಿ ಹಾಕಿದ ಚಪ್ಪರ ತುಂಬಿ ಕಾಣಲೆಂದು ಅಂದು ನೆಂಟರಿಗೂ ಹೇಳಿಕಳಿಸಿದ್ದರು. ನನ್ನ ಸೋದರತ್ತೆ ಸೊಣ್ಣಮ್ಮನವರು ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಅಲ್ಲಿದ್ದರು. ಅವರಿಗೆ ಮಕ್ಕಳಿಲ್ಲ; ನನಗೂ ನನ್ನ ಗಂಡನಿಗೂ ಕಾರ್ಖಾನೆಯ ಪಾಳಿ. ಎತ್ತಿ ಕೂರಿಸಲು ಆಯಾಗಳಿದ್ದಾರೆಂದು ನಂಬಿ ಸೇರಿಸಿದ್ದೆವು. ನಮ್ಮ ಒಕ್ಕಲು ಮನೆಗಳಲ್ಲಿ ಗಂಡ ಸತ್ತ ಹೆಂಗಸು ಬಳೆ ತೊಡುವುದಿಲ್ಲ. ಪದ್ಧತಿ ಒಳ್ಳೆಯದೋ ಕೆಟ್ಟದ್ದೋ, ಆ ವಾದ ಬೇರೆ. ಮಾವ ತೀರಿಕೊಂಡ ಮೇಲೆ ಬಳೆಯನ್ನೇ ಮುಟ್ಟದ ಅತ್ತೆಯ ಕೈತುಂಬ ಬಳೆ ಕಂಡು ಹತ್ತಿರ ಹೋದೆ.

"ಕೈ ಮೇಲೆ ಸೆರಗು ಮುಚ್ಚವ್ವ. ಜನ ನೋಡ್ತವ್ರೆ. ನಿಮ್ಮಾವ ಇದ್ದಿದ್ರೆ ಏನಂದ್ಕೊಳ್ಳೋರು?" ಅಂದರು ಅತ್ತೆ.

ಸೆರಗು ಎಳೆಯುವಾಗ ಬಳೆ ಸರಿಯಿತು. ಮಣಿಕಟ್ಟಿನ ಸುತ್ತ ಹಗ್ಗ ಕೊರೆದ ಗಾಯ, ಕೀವು. ಅತ್ತೆಗೆ ಆ ಗಾಯ ಲೆಕ್ಕಕ್ಕಿಲ್ಲ, ನಾಚಿಕೆಯೆಲ್ಲ ಬಳೆಯದ್ದೇ. ಮೇಲ್ವಿಚಾರಕಿಯನ್ನು ಕೇಳಿದರೆ, "ರಾತ್ರಿ ಎದ್ದು ಓಡಾಡಿ ಬಿದ್ಬಿಡ್ತಾರೆ ಕಣ್ರೀ, ಅವ್ರ ಒಳ್ಳೇದಕ್ಕೇ ಕಟ್ಟೋದು," ಎಂದಳು. ಸೊಂಟ ಮುರಿದವರು ಎದ್ದು ಎಲ್ಲಿಗೆ ಓಡುತ್ತಾರೆ ಮಾನ್ಯರೇ, ಆನೇಕಲ್ ಸಂತೆಗೆ?

ಮುಂಚೆಯೇ ತಿಳಿಸಿ ಹೋದರೆ ಅದು ತಪಾಸಣೆಯೋ, ಬೀಗರ ಭೇಟಿಯೋ? ಸಾಲಾಗಿ ಕೂತವರಲ್ಲಿ ಒಬ್ಬರೂ ಕೈಯೆತ್ತಿ ನಮಸ್ಕರಿಸದಿದ್ದಾಗ ತಮಗೆ ಅನುಮಾನ ಬರಲಿಲ್ಲವೇ? ಆಯಾ ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತುಟಿ ಒಣಗಿದ್ದರೂ ನೀರು ಕೇಳುತ್ತಿರಲಿಲ್ಲ. ಹಾಸಿಗೆ ಒದ್ದೆಯಾದೀತೆಂದು ಮಧ್ಯಾಹ್ನದ ಮೇಲೆ ನೀರೇ ಕೊಡುವುದಿಲ್ಲವಂತೆ. ಇದನ್ನೆಲ್ಲ ಕಾಣಲು ಹುದ್ದೆ ಬೇಕಿಲ್ಲ, ಹತ್ತಿರ ಕೂತರೆ ಸಾಕಿತ್ತು.

ಅತ್ತೆಯನ್ನು ಅಂದೇ ಮನೆಗೆ ತಂದೆವು. ನಾನೊಂದು ಪಾಳಿ, ಗಂಡನೊಂದು ಪಾಳಿ ಮಾಡಿಕೊಂಡು ನೋಡಿಕೊಳ್ಳುತ್ತಿದ್ದೇವೆ. ಗಾಯ ಮಾಗಿದೆ. ಆದರೂ ದೀಪ ಹಚ್ಚುವ ಹೊತ್ತಿಗೆ ತಾವಾಗಿಯೇ ಎರಡೂ ಕೈ ಜೋಡಿಸಿ ನನ್ನ ಮುಂದೆ ಚಾಚುತ್ತಾರೆ. "ಕಟ್ಟವ್ವ, ಒತ್ತಾಯ್ತು," ಎನ್ನುತ್ತಾರೆ. ಸಂಜೆಯಾಗುತ್ತದೆಂದರೆ ನನಗೆ ಈಗ ಭಯ.

ಪಕ್ಕದ ಮಂಚದ ಮುನಿಯಕ್ಕ ಇನ್ನೂ ಅಲ್ಲೇ ಇದ್ದಾರೆ. ನಾವು ಹೊರಡುವಾಗ ನನ್ನ ಸೀರೆ ಹಿಡಿದುಕೊಂಡು, "ನನ್ನೂ ಕರ್ಕೊಂಡೋಗು ತಾಯಿ, ಮೂಲೇಲಿ ಬಿದ್ದಿರ್ತೀನಿ," ಎಂದರು. ನೆಂಟಳಲ್ಲವೆಂದು ಮೇಲ್ವಿಚಾರಕಿ ಬಾಗಿಲಲ್ಲೇ ತಡೆದಳು. ಆ ಬಾಗಿಲು ತೆರೆಸುವ ಅಧಿಕಾರ ತಮಗಿದೆ. ಇಂದೇ ಹೋಗಿ, ಯಾರಿಗೂ ಹೇಳದೆ ಹೋಗಿ. ಒಬ್ಬೊಬ್ಬರ ಕೈಯನ್ನೂ ಹಿಡಿದು ನೋಡಿ. ಹಗ್ಗ ಬಿಚ್ಚಿಸಿ. ಮುನಿಯಕ್ಕನನ್ನು ಹೊರಗೆ ಕರೆತನ್ನಿ; ಇಟ್ಟುಕೊಳ್ಳಲು ನಮ್ಮ ಮನೆಯಲ್ಲಿ ಜಾಗವಿದೆ.

ಇಂತಿ,
ಒಬ್ಬರನ್ನು ಎತ್ತಿಕೊಂಡು, ಇನ್ನೊಬ್ಬರ ಕೈ ಬಿಡಿಸಿಕೊಂಡು ಬಂದ
ವಸಂತಮ್ಮ