ಪಿಳ್ಳಜ್ಜಿ ತಿಂದ ಅವರೆ

ಗಣಿಹಟ್ಟಿ, ಏಳನೆಯ ಸುರಂಗ
ಬಿಸಿಲೇರಿದ ನೂರ ಹನ್ನೆರಡನೆಯ ವರ್ಷ, ತಂಪು ತಿಂಗಳ ಮೂವತ್ತೈದನೆಯ ದಿನ

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನೂರು ವರ್ಷ ನೆಲದಡಿಯಲ್ಲಿ ಬದುಕಿದವರ ಕನ್ನಡ ಇದು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಒಂದು ಹಿನ್ನೋಲೆ, ಅಂದರೆ ಹಿಂದಿನ ಕಾಲದವರಿಗೆ ಒಂದು ಕಾಗದ, ಬರೆಯುವ ಹಕ್ಕಿದೆ. ಹೆಚ್ಚಿನವರು ಅದರಲ್ಲಿ ನಿಮ್ಮನ್ನು ಬೈಯುತ್ತಾರೆ. ನನಗೂ ಬೈಯಲು ಬಾರದೆ ಇಲ್ಲ. ಆದರೆ ಅರವತ್ತು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿರುವ ಮಾತೊಂದಿದೆ, ಅದನ್ನು ಹೇಳಬೇಕು. ನನ್ನ ಹೆಸರು ಸಪ್ಪಲಮ್ಮ. ನನ್ನ ಅಜ್ಜಿಯ ಹೆಸರು ಪಿಳ್ಳಮ್ಮ. ಈ ಎರಡನೆಯ ಹೆಸರನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ.

ನಾವಿರುವುದು ಕೋಲಾರದ ಕಡೆಯ ಹಳೆಯ ಚಿನ್ನದ ಗಣಿಯೊಳಗೆ. ಮೇಲೆ ಹಗಲು ಹೊತ್ತು ಮನುಷ್ಯ ಅರ್ಧ ಗಳಿಗೆ ನಿಂತರೆ ಮುಗಿಯಿತು. ನೀವು ಚಿನ್ನ ತೋಡಿದ ಸುರಂಗಗಳಲ್ಲಿ ನಾವು ಮಲಗುತ್ತೇವೆ, ಹೆರುತ್ತೇವೆ, ಜಗಳವಾಡುತ್ತೇವೆ. ಮೂರು ಹೊತ್ತೂ ಪಾಚಿಹಿಟ್ಟಿನ ಗಂಜಿ. ತೊಟ್ಟಿಯಲ್ಲಿ ಬೆಳೆದ ಪಾಚಿಯನ್ನು ಒಣಗಿಸಿ ಬೀಸಿದ್ದು. ಅದರ ರುಚಿ ಮಾತ್ರ ಕೇಳಬೇಡಿ. ಕಾಳು ಬೆಳೆಯುತ್ತಿದ್ದದ್ದು ದೀಪಪಾತಿಯಲ್ಲಿ, ಎಂದರೆ ದೀಪದ ಬೆಳಕಿಗೆ ಹರಡಿದ ಚಾಪೆಯಗಲದ ಮಣ್ಣಿನಲ್ಲಿ. ವರ್ಷಕ್ಕೊಮ್ಮೆ ಅಲ್ಲಿ ಅವರೆ ಬಿತ್ತಿ, ಬಂದದ್ದನ್ನೆಲ್ಲ ಬೂದಿಯಲ್ಲಿ ಹೊರಳಿಸಿ ಮತ್ತೆ ಗಡಿಗೆಗೆ ಹಾಕುತ್ತಿದ್ದರು. ತಿನ್ನುವ ಹಾಗಿರಲಿಲ್ಲ. ಎಂದಾದರೂ ಮಳೆ ಮರಳಿದರೆ ಮೇಲೆ ಬಿತ್ತಲು ಬೇಕಲ್ಲ, ಅದಕ್ಕೆ. ಗಡಿಗೆ ಕಾಯುವವಳಿಗೆ ಬಿತ್ತದಮ್ಮ ಎನ್ನುತ್ತಾರೆ. ನನ್ನ ಅಜ್ಜಿ ಮೂವತ್ತು ವರ್ಷ ಬಿತ್ತದಮ್ಮನಾಗಿದ್ದಳು.

ಅಜ್ಜಿ ಕುಳ್ಳಿ, ಮೊಂಡಿ, ಬಾಯಿ ಜೋರು. ಸಭೆಯ ಹಿರಿಯರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ತಾಯಿಯಿಲ್ಲದ ನನ್ನನ್ನು ಸೆರಗಿಗೆ ಕಟ್ಟಿಕೊಂಡೇ ಸಾಕಿದಳು. ಗಂಜಿ ಬೇಡವೆಂದು ನಾನು ಹಟ ಹಿಡಿದಾಗ, ಅವಳ ಅಜ್ಜಿ ಹೇಳಿದ್ದ ಅವರೆಕಾಲದ ಕತೆ ತೆಗೆಯುತ್ತಿದ್ದಳು. ಇಬ್ಬನಿ ಬಿದ್ದ ಕಾಯಿಯ ಸೊಗಡು, ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿಚುಕಿದರೆ ಸಿಪ್ಪೆಯಿಂದ ಪಿಳಕ್ಕನೆ ಹಾರುವ ಬೇಳೆ, ಆ ಹಿತಕಿದಬೇಳೆಯ ಸಾರು. ಬರಿಗೈಯಲ್ಲೇ ಹಿಚುಕಿ ತೋರಿಸುತ್ತಿದ್ದಳು. ಅವಳೂ ಒಂದು ಕಾಳು ತಿಂದವಳಲ್ಲ. ಆದರೂ ಹೇಳುವಾಗ ಬಾಯಲ್ಲಿ ನೀರೂರುತ್ತಿತ್ತು, ಇಬ್ಬರೂ ನಗುತ್ತಿದ್ದೆವು.

ನನಗೆ ಒಂಬತ್ತು ತುಂಬಿದ ವರ್ಷ ಅವಳು ಜ್ವರ ಬಂದು ಮಲಗಿದಳು. ಹನ್ನೊಂದು ದಿನ ಗಂಜಿ ಮುಟ್ಟಲಿಲ್ಲ. ಇನ್ನು ಉಳಿಯುವುದಿಲ್ಲವೆಂದು ಎಲ್ಲರೂ ಪಿಸುಗುಟ್ಟಿದರು. ನಾನು ಗಡಿಗೆಗೆ ಕೈ ಹಾಕಿದೆ. ಇಡೀ ಗಣಿಗೆ ಇದ್ದದ್ದೇ ಎರಡು ಬೊಗಸೆ ಅವರೆ, ಎರಡನ್ನೂ ತೆಗೆದೆ. ಪಾತಿಯಲ್ಲಿ ಹೊಸ ಬೆಳೆ ನಿಂತಿದೆ, ತಿಂಗಳೊಳಗೆ ಗಡಿಗೆ ತುಂಬುತ್ತದೆ ಎಂದುಕೊಂಡಿದ್ದೆ. ಆ ಬೆಳೆ ಬೂಷ್ಟು ಹಿಡಿದು ಸತ್ತಿತ್ತು. ಜನ ಹೆದರಿಯಾರೆಂದು ಅಜ್ಜಿಯೂ ಹಿರಿಯರೂ ಆ ಸುದ್ದಿಯನ್ನು ಮುಚ್ಚಿಟ್ಟಿದ್ದರು. ನನಗೆ ಹೇಗೆ ಗೊತ್ತಾಗಬೇಕು? ಕಾಳು ನೆನೆಸಿ, ಅವಳು ಕಲಿಸಿದಂತೆಯೇ ಒಂದೊಂದನ್ನೂ ಹಿಚುಕಿ, ಉಪ್ಪು ಹಾಕಿ ಬೇಯಿಸಿ ಅವಳ ಮುಂದಿಟ್ಟೆ.

ಬಟ್ಟಲು ನೋಡಿದವಳು ಕಣ್ಣು ಮುಚ್ಚಿಕೊಂಡಳು. ಗಡಿಗೆಯಲ್ಲಿ ಎಷ್ಟು ಬಿಟ್ಟಿದ್ದೀಯ ಎಂದು ಕೇಳಿದಳು, ಏನೂ ಇಲ್ಲವೆಂದೆ. ಬೈಯಲಿಲ್ಲ. ಬೆಂದ ಕಾಳು ಇನ್ನು ಮೊಳೆಯುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಮೊದಲ ತುತ್ತನ್ನು ನನ್ನ ಬಾಯಿಗಿಟ್ಟಳು.

“ನಿಧಾನ್ವಾಗಿ ತಿನ್ನು ಮಗಾ. ರುಚಿ ಹೆಂಗಿತ್ತು ಅಂತ ನೆನಪಿಟ್ಕೋ.”

ಉಳಿದದ್ದನ್ನು ತಾನು ತಿಂದು, ಬಟ್ಟಲನ್ನು ಬೆರಳಿನಿಂದ ಸವರಿ ನೆಕ್ಕಿದಳು.

ಬೀಜ ಬೇಯಿಸಿ ತಿಂದವರನ್ನು ಹಗಲಲ್ಲಿ ಏಣಿ ಹತ್ತಿಸಿ ಮೇಲಕ್ಕೆ ಕಳಿಸುವುದು ನಮ್ಮ ಕಟ್ಟಳೆ. ಮಕ್ಕಳೆಂಬ ರಿಯಾಯಿತಿ ಇಲ್ಲ. ಉಳಿದ ಸತ್ತವರ ಹೆಸರನ್ನೆಲ್ಲ ನಾವು ದೀಪ ಹಚ್ಚುವಾಗ ಒಂದೊಂದಾಗಿ ಹೇಳುತ್ತೇವೆ. ಅಂಥವರ ಹೆಸರನ್ನು ಎತ್ತಬಾರದು. ಖಾಲಿ ಗಡಿಗೆಯ ಸುತ್ತ ಸಭೆ ಸೇರಿದಾಗ ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು. ಇನ್ನೊಂದು ಕೈ ನನ್ನ ಮಣಿಕಟ್ಟನ್ನು ನೋಯುವಂತೆ ಅದುಮಿತ್ತು.

“ಹಸ್ವು ತಡ್ಯಕ್ಕಾಗ್ಲಿಲ್ಲ ಕಣ್ರಪ್ಪ. ನಾನೇ ಬೇಯಿಸ್ಕೊಂಡು ತಿಂದೆ.”

ಮರುದಿನ ಏಣಿ ಹತ್ತಿದಳು. ಯಾರ ಆಸರೆಯೂ ಬೇಕಾಗಲಿಲ್ಲ, ಜ್ವರ ಬಿಟ್ಟಿತ್ತು. ಸಾರು ಅವಳನ್ನು ಉಳಿಸಿತ್ತು.

ನಾನು ಸುಮ್ಮನಿದ್ದೆ. ಒಂಬತ್ತರಲ್ಲಿ ಭಯ, ಇಪ್ಪತ್ತರಲ್ಲಿ ಮದುವೆ, ಮೂವತ್ತರಲ್ಲಿ ಮಕ್ಕಳು, ನೆಪಕ್ಕೇನು ಬರ? ಅಜ್ಜಿಯಂಥವಳಲ್ಲ ಈ ಹುಡುಗಿ ಎಂದು ಜನ ಮೆಚ್ಚಿದಾಗ ತಲೆ ತಗ್ಗಿಸಿ ಆ ಮೆಚ್ಚುಗೆಯನ್ನೂ ತೆಗೆದುಕೊಂಡೆ. ಥೂ ನನ್ನ ಬಾಳಿಗೆ. ನಿನ್ನೆ ನನ್ನ ಮೊಮ್ಮಗಳು ಗಂಜಿಗೆ ಎರಡನೆಯ ಸಲ ಬಟ್ಟಲು ಚಾಚಿದಳು. ಬೀಜ ತಿಂದವಳ ಹೊಟ್ಟೆ ನಿನ್ನದು ಎಂದು ಅವಳ ತಾಯಿ ಗದರಿದಳು. ಇಲ್ಲಿ ಎಲ್ಲ ತಾಯಂದಿರೂ ಮಕ್ಕಳನ್ನು ಬೈಯುವುದು ಹಾಗೆಯೇ. ಮಗು ನನ್ನ ಕಡೆ ತಿರುಗಿ, ಬೀಜ ತಿಂದವಳು ಯಾರಜ್ಜಿ ಎಂದು ಕೇಳಿತು. ಅದಕ್ಕೆ ಆಗಲೂ ನಾನು ಉತ್ತರ ಕೊಡಲಿಲ್ಲ.

ಇವತ್ತು ದೀಪ ಹಚ್ಚುವಾಗ ಕೊಡುತ್ತೇನೆ. ಎಲ್ಲರ ಮುಂದೆ ಅವಳ ಹೆಸರು ಹೇಳಿ, ಬೇಯಿಸಿದವಳು ನಾನೆಂದೂ ಹೇಳುತ್ತೇನೆ. ಕಟ್ಟಳೆ ಬದಲಾಗಿಲ್ಲ, ಏಣಿಯೂ ಅದೇ. ನನ್ನ ಮೊಣಕಾಲಿಗೆ ಅದನ್ನು ಹತ್ತಲಾದೀತೇ ಎಂಬುದೊಂದು ಚಿಂತೆ. ನಾಳೆಯಿಂದ ಇವರು ಅಜ್ಜಿಯ ಹೆಸರನ್ನು ಎತ್ತುತ್ತಾರೋ ಇಲ್ಲವೋ, ನನಗೆ ನಂಬಿಕೆ ಸಾಲದು. ಅದಕ್ಕೇ ನಿಮಗೆ ಬರೆದೆ.

ನಿಮ್ಮಲ್ಲಿ ಅವರೆಯನ್ನು ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಾರಂತೆ, ಸಿಪ್ಪೆ ಕಾಲಿಗೆ ಸಿಗುತ್ತದಂತೆ. ನಮಗಾಗಿ ಒಂದಿಷ್ಟು ಹೆಚ್ಚು ಎತ್ತಿಡಿ ಎಂದು ಕೇಳಲು ನನಗೆ ಮುಖವಿಲ್ಲ. ನೀವು ಎತ್ತಿಟ್ಟದ್ದರಲ್ಲಿ ಕೊನೆಯದನ್ನು ಒಲೆಗೆ ಇಟ್ಟವಳು ನಾನು. ಇಷ್ಟು ಮಾಡಿ ಸಾಕು. ಮನೆಯಲ್ಲಿ ಹಿತಕಿದಬೇಳೆ ಸಾರು ಮಾಡಿದ ದಿನ, ಮೊದಲ ತುತ್ತನ್ನು ಮಗುವಿನ ಬಾಯಿಗಿಡುವಾಗ, ಪಿಳ್ಳಮ್ಮ ಎಂದು ಒಂದು ಸಲ ಅನ್ನಿ. ಅವಳು ಹಸಿವಿಗೆ ತಿಂದದ್ದಲ್ಲ.

ಸಪ್ಪಲಮ್ಮ,
ಪಿಳ್ಳಮ್ಮನ ಮೊಮ್ಮಗಳು