ಹಸುವಿಗೂ ಹೆಸರಿದೆ

ಪ್ಲೇನ್ಸ್‌ಬರೋ, ಅಮೆರಿಕ, ಗುರುವಾರ

ಅಕ್ಕ, ನಮಸ್ಕಾರ. ನನ್ನ ಮಂಡಿನೋವು ವಾಸಿ, ತಲೆ ಮಾತ್ರ ಕೆಟ್ಟಿದೆ.

ಮಗಳ ಎದುರುಮನೆಯ ಮಾರ್ಗರೆಟ್ ಆಂಟಿಗೆ ಪೂರ್ವಿಕರ ಸ್ಮಶಾನದಲ್ಲೇ ಮಣ್ಣಾಗುವ ಆಸೆ. ಅಲ್ಲಿ ವಂಶದವರಿಗೆ ಮಾತ್ರ ಜಾಗ, ದಾಖಲೆ ಬೇಕಂತೆ. ಪಹಣಿ ಓದಿ ಪಳಗಿದವನೆಂದು ನನ್ನನ್ನು ಆರು ದಿನ ಲೈಬ್ರರಿಯಲ್ಲಿ ಕೂರಿಸಿದರು. ಇಲ್ಲಿ ಬ್ರಿಟಿಷರಿದ್ದ ಕಾಲದ ಅವರ ಜಮೀನ್ದಾರ ಮೂಲಪುರುಷ ಉಯಿಲಿನಲ್ಲಿ ತಾಮ್ರದ ಹಂಡೆ ಬರೆದಿದ್ದಾನೆ, ಹಸುವಿನ ಹೆಸರೂ ಬರೆದಿದ್ದಾನೆ. ಆಂಟಿ ಯಾರ ಸಂತತಿಯೋ ಆ ಹೆಣ್ಣು ಮಾತ್ರ ಬರೀ ‘ನನ್ನ ಮಗಳು’.

“ಎಂಥ ಅಪ್ಪ ಇವನು” ಎಂದು ರೇಗಿದೆ.

“ನಿಮ್ಮಲ್ಲಿ ಬರೀತಾರಾ?” ಎಂದರು ಆಂಟಿ.

ಅಪ್ಪ ಹೋದಾಗ ಖಾತೆ ಬದಲಾವಣೆಗೆ ನಾನು ಕೊಟ್ಟ ವಂಶವೃಕ್ಷದಲ್ಲಿ ನಿನ್ನ ಹೆಸರಿಲ್ಲ, ಅಕ್ಕ. ಆಧಾರ್ ಕಾರ್ಡ್ ತೆಗೆದಿಡು. ನಾನು ಬಂದ ಮರುದಿನವೇ ತಾಲ್ಲೂಕು ಕಚೇರಿಗೆ ಹೋಗೋಣ.

ನಿನ್ನ ತಮ್ಮ,
ಬದರಿ