ಲೌಂಜಿನ ಬಾಗಿಲಲ್ಲಿ ನಿಂತವರು

ದುಬೈ, ಮಂಗಳವಾರ

ಭಾವನವರಿಗೆ ಭೋಜ ಮಾಡುವ ನಮಸ್ಕಾರ.

ಮಗ ಶೋಧನ್ ನಾವು ಇಲ್ಲಿ ಉಳಿದಿರುವ ಹೋಟೆಲಿನ ಗೋಲ್ಡ್ ಕಾರ್ಡನ್ನು ನನ್ನ ಹೆಸರಿಗೆ ಮಾಡಿಸಿದ್ದಾನೆ. ಅದನ್ನು ತೋರಿಸಿದರೆ ಲೌಂಜಿನಲ್ಲಿ ನನಗೂ ಒಬ್ಬ ಅತಿಥಿಗೂ ತಿಂಡಿ ಪುಕ್ಕಟೆ. ನಿನ್ನೆ ಬಾಗಿಲಲ್ಲಿ ಯಾರೋ ಸುಮ್ಮನೆ ನಿಂತಿದ್ದರು. ಪುಂಜಾಲಕಟ್ಟೆಯಲ್ಲಿ ನಾವು ನಡೆಸುವ ಹೋಟೆಲಿನ ಅಭ್ಯಾಸ ನೋಡಿ, "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎಂದು ಕೈಮಾಡಿ ಒಳಗೆ ಕರೆದೆ. ಕೌಂಟರಿನವರು ಅವರನ್ನೇ ನನ್ನ ಅತಿಥಿ ಎಂದು ಬರೆದುಕೊಂಡು, ಹಿಂದಿನಿಂದ ಬಂದ ನಿಮ್ಮ ತಂಗಿಯನ್ನು ತಡೆದರು. ಹೆಂಡತಿ ಅತಿಥಿಯಾಗುವುದು ಹೇಗೆ ಎಂದು ಅರ್ಧ ಗಂಟೆ ವಾದಿಸಿದರೂ ಅವಳನ್ನು ಒಳಗೆ ಬಿಡಲಿಲ್ಲ. ನನಗಿನ್ನೂ ತಲೆಬುಡ ಗೊತ್ತಾಗಿಲ್ಲ. ಬಿಪಿ ಸರಿ ಉಂಟು, ಮಾತ್ರೆ ಶುಕ್ರವಾರದವರೆಗೆ ಸಾಕು.

ಇವತ್ತು ಮೊದಲು ಅವಳನ್ನೇ ಕರೆದೆ. "ನಿನ್ನೆಯವರನ್ನೇ ಕರ್ಕೊಂಡು ಹೋಗಿ, ನಾನು ರೂಮಿನಲ್ಲೇ ಚಾ ಮಾಡಿ ಕುಡೀತೇನೆ" ಎಂದಳು.

ಅವರ ಹೆಸರೂ ನನಗೆ ಗೊತ್ತಿಲ್ಲ, ಭಾವ.